ಅಮೀರ್ ಖಾನರ ಮಾರ್ವಾ: ಹಳೇ ಎಲ್‌ಪಿ ಕೊಳ್ಳಲಾ, ಸಿಡಿ ಸಾಕಾ? ಅನುಭವ ಇದ್ದವರು ಹೇಳಿ

ಶಿರಸಿಯ ಹೊಸ ಕೇಳುಗ:
ಎಲ್ಲರಿಗೂ ನಮಸ್ಕಾರ. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ 1960ರ ಎಲ್‌ಪಿ ರೆಕಾರ್ಡ್, ಒಂದು ಬದಿ ಮಾರ್ವಾ ರಾಗ, ಇನ್ನೊಂದು ಬದಿ ದರ್ಬಾರಿ ರಾಗ, ಒಬ್ಬರ ಹತ್ತಿರ ಮಾರಾಟಕ್ಕಿದೆ. 3,500 ರೂಪಾಯಿ ಹೇಳುತ್ತಿದ್ದಾರೆ. ಅಪ್ಪಯ್ಯನ ಹಳೇ ಪ್ಲೇಯರ್ ಮನೆಯಲ್ಲಿದೆ, ಮುಳ್ಳು ಬದಲಿಸಬೇಕು. ಇದೇ ಮಾರ್ವಾ ಫೋನಿನಲ್ಲೂ ಸಿಗುತ್ತದೆ. ಎಲ್‌ಪಿ ತಗೊಂಡರೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದಾ? ಮಾರ್ವಾಕ್ಕೆ ಇದಕ್ಕಿಂತ ಒಳ್ಳೆಯ ರೆಕಾರ್ಡಿಂಗ್ ಇದ್ದರೂ ತಿಳಿಸಿ.

ಕುಮಟಾ ಮಾಸ್ತರ್:
ನಾನು ಇದೇ ಎಲ್‌ಪಿ ಕೊಂಡವನು. ಲೆಕ್ಕ ಕೇಳಿ. ರೆಕಾರ್ಡ್ 2,800. ಮುಂಬೈಯಿಂದ ಕೊರಿಯರ್ 350. ಬಂದಾಗ ಕವರಿನ ಅಂಚು ಹರಿದಿತ್ತು, ರೆಕಾರ್ಡಿನ ಮೇಲೆ ಬೂಷ್ಟು. ಮುಳ್ಳು 2,200. ಬೆಲ್ಟ್ 450. ಹೊಸ ಆಂಪ್ಲಿಫೈಯರಿಗೆ ಫೋನೋ ಇನ್‌ಪುಟ್ (ರೆಕಾರ್ಡ್ ಪ್ಲೇಯರ್ ಜೋಡಿಸುವ ಜಾಗ) ಇರಲಿಲ್ಲ, ಅದಕ್ಕೊಂದು ಪ್ರಿಆಂಪ್ (ಪ್ಲೇಯರಿನ ಸಣ್ಣ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ), 3,900. ಎಲ್ಲಾ ಜೋಡಿಸಿದರೆ ಗುಂಯ್ ಅಂತ ಹಮ್. ಅರ್ಥಿಂಗ್ ಸರಿಮಾಡಲು ಎಲೆಕ್ಟ್ರಿಷಿಯನ್ 300 ತಗೊಂಡ. ಒಟ್ಟು 10,000.

ಮೇಲಿಂದ ಮಳೆಗಾಲ. ಜೂನ್ ಬಂತೆಂದರೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಕವರಿಗೆ ಬೂಷ್ಟು, ಒಳಗಿನ ಕಾಗದಕ್ಕೆ ಬೂಷ್ಟು, ರೆಕಾರ್ಡಿನ ಗೆರೆಯೊಳಗೆ ಬೂಷ್ಟು. ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಕಬ್ಬಿಣದ ಕಪಾಟಿನೊಳಗೆ 15 ವಾಟಿನ ಬಲ್ಬು ಹಾಕಿಟ್ಟಿದ್ದೇನೆ, ಸಿಲಿಕಾ ಜೆಲ್ ಬೇರೆ.

ಆದರೂ ಯಾರು ಎಷ್ಟು ಕೊಟ್ಟರೂ ಮಾರಲ್ಲ. ಝೂಮ್ರಾ ತಾಳದ ಹದಿನಾಲ್ಕು ಮಾತ್ರೆ ಅಷ್ಟು ನಿಧಾನಕ್ಕೆ ನಡೆಯುವಾಗ ಖಾನ್‌ಸಾಹೇಬರು ಕೋಮಲ ರಿಷಭದ, ಅಂದರೆ ಇಳಿಸಿದ ರಿ ಸ್ವರದ ಮೇಲೆ ನಿಲ್ಲುತ್ತಾರೆ. ಷಡ್ಜ, ಅಂದರೆ ಸ, ಈಗ ಬರುತ್ತದೆ, ಈಗ ಬರುತ್ತದೆ ಅನ್ನಿಸುತ್ತದೆ, ಬರುವುದಿಲ್ಲ. ಫೋನಿನಲ್ಲಿ ಕೇಳಿದಾಗ ಆ ರಿಷಭದ ಹಿಂದೆ ತಂಬೂರಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಎಲ್‌ಪಿಯಲ್ಲಿ ತಂಬೂರಿಯ ಜವಾರಿ, ಆ ಝೇಂಕಾರ, ಕೋಣೆ ತುಂಬುತ್ತದೆ.

ಕಾರವಾರದ ಅಕ್ಕೋರು:
ಮಾರ್ವಾದಿಂದ ಯಾಕೆ ಶುರುಮಾಡುತ್ತೀರಿ? ಅದು ಸಂಜೆಯ ಕಳವಳದ ರಾಗ. ಹೊಸಬರು ಗಾಯಕಿ ಕಿಶೋರಿ ಅಮೋಣಕರ್ ಅವರ ಭೂಪ್ ರಾಗ ಕೇಳಬೇಕು. ‘ಪ್ರಥಮ ಸುರ ಸಾಧೇ’, ಆಮೇಲೆ ‘ಸಹೇಲಾ ರೇ’. ಮಧ್ಯಮ ಇಲ್ಲ, ನಿಷಾದ ಇಲ್ಲ, ಬರೀ ಐದು ಸ್ವರ. ಅಷ್ಟರಲ್ಲೇ ಒಂದು ಲೋಕ ಕಟ್ಟಿದ್ದಾರೆ. ಅದೇ ಎಲ್‌ಪಿಯ ಇನ್ನೊಂದು ಬದಿಗೆ ಬಾಗೇಶ್ರೀ.

ನನ್ನ ಆಯಿ ಗೋವಾದವಳು. ಕಿಶೋರಿತಾಯಿಯ ತಾಯಿ ಮೋಗುಬಾಯಿ ಕುರ್ಡೀಕರ್ ಅವರ ಊರು ಕುರ್ಡಿ ಸಾಲಾವಳಿ ಅಣೆಕಟ್ಟಿನಲ್ಲಿ ಮುಳುಗಿತಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಆಯಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಒಡೆದ ಗೋಡೆ, ಒಣಗಿದ ಕೆಸರು. ಅಲ್ಲಿಂದ ಬಂದ ಮೇಲೆ ಆ ಭೂಪ್ ನನಗೆ ಬೇರೆಯೇ ಆಯಿತು.

ನನ್ನ ಎಲ್‌ಪಿ ಈಗ ಇಲ್ಲ. ಮನೆ ಬದಲಿಸುವಾಗ ನಾದಿನಿಯವರು ರೆಕಾರ್ಡಿನ ಪೆಟ್ಟಿಗೆಯನ್ನು ಬಿಸಿಲು ಬೀಳುವ ಜಗಲಿಯಲ್ಲಿಟ್ಟರು. ಬಾಗಿ ಹಪ್ಪಳದ ಹಾಗಾಯಿತು. ಅವರ ಜೊತೆ ಈಗಲೂ ನಾನು ಅದರ ಮಾತು ಎತ್ತುವುದಿಲ್ಲ. ಮತ್ತೊಂದು ಪ್ರತಿಗೆ 4,200 ಕೇಳಿದರು. ಸಿಡಿ ತಗೊಂಡೆ. ಸಿಡಿಯಲ್ಲೇ ನನಗೆ ನೆಮ್ಮದಿ ಇದೆ.

ಸಿದ್ದಾಪುರ ತೋಟದ ಮನೆ:
ಎಲ್‌ಪಿ, ಸಿಡಿ ಎರಡೂ ಒಂದೇ. ಎರಡೂ ಸ್ಟುಡಿಯೋದಲ್ಲಿ ಗಡಿಯಾರ ನೋಡಿ ಹಾಡಿದ್ದು. ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ, ಅಷ್ಟರಲ್ಲಿ ವಿಲಂಬಿತ (ನಿಧಾನ ಲಯದ್ದು), ದ್ರುತ (ವೇಗದ್ದು) ಎರಡೂ ಮುಗಿಯಬೇಕು. ಮಾರ್ವಾ ಅಷ್ಟರಲ್ಲಿ ಮುಗಿಯುವ ರಾಗವಾ?

ನಮ್ಮಲ್ಲಿ ಶನಿವಾರ ರಾತ್ರಿ ರೇಡಿಯೋದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. 1952ರಿಂದ ನಡೆದು ಬಂದದ್ದು ಅದು. ಅದರಲ್ಲಿ ಬಂದ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ಸಂಪೂರ್ಣ ಮಾಲಕಂಸ’ ರಾಗವನ್ನು ದೊಡ್ಡಪ್ಪ ಟೇಪ್ ಮಾಡಿಕೊಂಡಿದ್ದರು. ಸಿ-90 ಕ್ಯಾಸೆಟ್. ನಲವತ್ತೈದು ನಿಮಿಷಕ್ಕೆ ಬದಿ ತಿರುಗಿಸಬೇಕಲ್ಲ, ಆ ಹೊತ್ತಿನಲ್ಲಿ ಒಂದು ತಾನ್ (ವೇಗದ ಸ್ವರಗಳ ಓಟ) ಹೋಯಿತು. ಆ ತಾನ್ ಬಗ್ಗೆ ದೊಡ್ಡಪ್ಪ ಸಾಯುವವರೆಗೆ ಹೇಳುತ್ತಿದ್ದರು. ನಡುವೆ ಮಳೆಯ ಸದ್ದು, ಸಿಡಿಲು ಬಡಿದಾಗಿನ ಚಟಚಟ ಎಲ್ಲಾ ಇದೆ. ಆದರೆ ಮನ್ಸೂರರು ಯಾರನ್ನೂ ಕಾಯುವುದಿಲ್ಲ. ತಾಳದ ಒಂದು ಆವರ್ತ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಕೈಹಾಕಿರುತ್ತಾರೆ.

ಅದನ್ನು ಉಳಿಸೋಣ ಅಂತ ಹುಬ್ಬಳ್ಳಿಯ ಒಂದು ಅಂಗಡಿಗೆ ಕೊಟ್ಟೆ. ಕ್ಯಾಸೆಟ್ಟಿಗೆ 150 ರೂಪಾಯಿಯಂತೆ ಮೂವತ್ತು ಕ್ಯಾಸೆಟ್, 4,500. ‘ನಾಯ್ಸ್ ತೆಗೆದಿದ್ದೇವೆ ಸರ್’ ಅಂದರು. ನಾಯ್ಸ್ ಜೊತೆ ತಂಬೂರಿಯೂ ಹೋಗಿತ್ತು. ಮನ್ಸೂರರ ದನಿ ಬಾವಿಯೊಳಗಿಂದ ಬಂದಂತೆ. ಅದರ ಮೇಲೆ 128 ಕೆಬಿಪಿಎಸ್‌ಗೆ ಕುಗ್ಗಿಸಿದ ಎಂಪಿ3 ಫೈಲ್. ನಾಲ್ಕೂವರೆ ಸಾವಿರ ಕೊಟ್ಟು ದೊಡ್ಡಪ್ಪನ ಶನಿವಾರಗಳನ್ನು ಹಾಳುಮಾಡಿಸಿಕೊಂಡ ಹಾಗಾಯಿತು.

ಕಾರವಾರದ ಅಕ್ಕೋರು:
ಸ್ಟುಡಿಯೋ ಅಂತ ಹಾಗೆ ತಳ್ಳಿಹಾಕಬೇಡಿ. ಕಿಶೋರಿತಾಯಿ ಆ ಭೂಪ್‌ನಲ್ಲಿ ಒಂದು ಸ್ವರವನ್ನೂ ಸುಮ್ನೆ ಬಿಟ್ಟಿಲ್ಲ. ಇಪ್ಪತ್ತು ನಿಮಿಷವಾದರೂ ಅಲ್ಲಿ ಅವಸರ ಎಲ್ಲಿದೆ?

ಸಿದ್ದಾಪುರ ತೋಟದ ಮನೆ:
ಅಕ್ಕೋರೇ, ‘ಸಹೇಲಾ ರೇ’ ಚಂದವೇ. ಆದರೆ ಅದು ಜನ ಗುನುಗುವ ಹಾಡಾಗಿಬಿಟ್ಟಿದೆ. ಜೈಪುರ ಘರಾಣೆಯ ಹಾಡುವ ಶೈಲಿ ಬೇಕು ಅಂದರೆ ಮನ್ಸೂರರು. ಆ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರ ಹತ್ತಿರ ಕಲಿತವರು.

ಕಾರವಾರದ ಅಕ್ಕೋರು:
ಮೋಗುಬಾಯಿ ಸಾಕ್ಷಾತ್ ಅಲ್ಲಾದಿಯಾ ಖಾನರ ಹತ್ತಿರವೇ ಕಲಿತವರು. ಅವರು ಮಗಳಿಗೆ ಕಲಿಸಿದ್ದು ಯಾವ ಶೈಲಿ ಅಂತ ತಿಳಿದಿದ್ದೀರಿ? ಜನ ಗುನುಗಿದರೆ ರಾಗ ಸಣ್ಣದಾಗುತ್ತದಾ? ನನ್ನ ಶಾಲೆಯ ಮಕ್ಕಳು ಅದನ್ನು ಗುನುಗುತ್ತಾರೆ. ನನಗೆ ಅದು ಹೆಮ್ಮೆ.

ಹೊನ್ನಾವರ ರೇಡಿಯೋ ರಿಪೇರಿ:
ಇಬ್ಬರೂ ನಿಲ್ಲಿಸಿ. ಪಾಪ ಹುಡುಗ ಕೇಳಿದ್ದು ಪ್ಲೇಯರ್ ವಿಷಯ.

ನನ್ನ ಅಂಗಡಿಗೆ ಬರುವ ಹಳೇ ಪ್ಲೇಯರ್‌ಗಳಲ್ಲಿ ಜಾಸ್ತಿ ಕೆಟ್ಟಿರುವುದು ಸ್ಪೀಡ್. ಬೆಲ್ಟ್ ಹಿಗ್ಗಿದರೆ ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ನೋಡಿ, ಹಾರ್ಮೋನಿಯಂನ ಎರಡು ಮನೆಗಳ (ಕೀಗಳ) ನಡುವೆ ಎಲ್ಲೋ ನಿಂತಿರುತ್ತದೆ. ಹಾಗೆ ಓಡುವ ಪ್ಲೇಯರಿನಲ್ಲಿ ಮಾರ್ವಾ ಕೇಳಿ ಗಾಯಕರನ್ನು ಹೋಲಿಸುವುದು ಅನ್ಯಾಯ. ಮುಳ್ಳಿನ ವಿಷಯಕ್ಕೂ ಎಚ್ಚರ. 78ರ ತಟ್ಟೆಯ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡಿನ) ಗೆರೆ ಅಗಲ, ಎಲ್‌ಪಿಯದು ಸಪೂರ. ಹಳೇ ಪ್ಲೇಯರಿನಲ್ಲಿ 78ರ ಮುಳ್ಳು ಉಳಿದುಕೊಂಡಿದ್ದರೆ ಎಲ್‌ಪಿ ಕೆರೆದುಹೋಗುತ್ತದೆ.

78ರ ತಟ್ಟೆ ಅರಗಿನದು, ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಕರಗುತ್ತದೆ. ಒಬ್ಬರು ಗಾಯಕ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹಿ ಆವತ ಚೈನ’ ತಟ್ಟೆಯನ್ನು ಹಾಗೆ ಒರೆಸಿ ತಂದಿದ್ದರು. ಭೀಮಸೇನ ಜೋಶಿಯವರು ಚಿಕ್ಕವರಿದ್ದಾಗ ಮರುಳಾದ ರೆಕಾರ್ಡ್ ಅದು. ಗೆರೆಯೇ ಮಾಸಿತ್ತು. ನನ್ನ ಕೈಯಲ್ಲಿ ಮಾಡಲು ಏನೂ ಇರಲಿಲ್ಲ.

ಕ್ಯಾಸೆಟ್‌ನವರಿಗೆ ಒಂದು ಮಾತು. ದನಿ ಮಂಕಾಗಿದ್ದರೆ ಹೆಡ್ (ಟೇಪ್ ಓದುವ ಭಾಗ) ಪಕ್ಕದ ಸಣ್ಣ ಸ್ಕ್ರೂವನ್ನು ಮೆಲ್ಲಗೆ ತಿರುಗಿಸಿ ಓರೆ ಸರಿಮಾಡಿ, ಆಮೇಲೆ ಕಾಪಿ ಮಾಡಬೇಕು. ಆ ಹುಬ್ಬಳ್ಳಿ ಅಂಗಡಿಯವರು ಅದನ್ನು ಮಾಡಿರಲಿಕ್ಕಿಲ್ಲ. ಮೂಲ ಕ್ಯಾಸೆಟ್ ಇದ್ದರೆ ತನ್ನಿ ಸಿದ್ದಾಪುರದ ಭಟ್ರೇ, ನಾಯ್ಸ್ ಮುಟ್ಟದೆ ಕುಗ್ಗಿಸದ ವೇವ್ ಫೈಲ್ ಮಾಡಿಕೊಡುತ್ತೇನೆ.

ಇನ್ನು ಮಾಸ್ತರ್ರೇ, ಕಪಾಟಿನ ಬಲ್ಬು ತೆಗೆಯಿರಿ. ಬಿಸಿಗೆ ಎಲ್‌ಪಿ ಬಾಗುತ್ತದೆ. ಅಕ್ಕೋರ ಕತೆ ಓದಿದಿರಲ್ಲ.

ಕುಮಟಾ ಮಾಸ್ತರ್:
15 ವಾಟಿಗೆ ಏನೂ ಆಗಲ್ಲ. ಬಲ್ಬು ಕೆಳಗಿನ ಖಾನೆಯಲ್ಲಿದೆ, ರೆಕಾರ್ಡು ಮೇಲೆ, ನೆಟ್ಟಗೆ ನಿಲ್ಲಿಸಿದ್ದೇನೆ. ಕರಾವಳಿಯ ಮಳೆಗಾಲದಲ್ಲಿ ಬೆಚ್ಚಗಿಡದಿದ್ದರೆ ಬೂಷ್ಟಿಗೆ ಬಲಿ.

ಅಂಕೋಲಾ ಸಾರಂಗಿ:
ಮಾರ್ವಾಕ್ಕೆ ಗಾಯನವೇ ಯಾಕೆ? ರಾಮ್ ನಾರಾಯಣ್ ಅವರ ಸಾರಂಗಿಯ ಮಾರ್ವಾ ಕೇಳಿ. ಗಾಯನವೇ ಬೇಕೆಂದರೆ ವಸಂತರಾವ್ ದೇಶಪಾಂಡೆಯವರದು. ಅವರು ಆ ರಿಷಭವನ್ನು ಕೆಣಕುತ್ತಾರೆ, ಅಮೀರ್ ಖಾನರು ಅದನ್ನು ಸಮಾಧಾನ ಮಾಡುತ್ತಾರೆ. ನನಗೆ ಕೆಣಕುವುದೇ ಇಷ್ಟ. ಇನ್ನೊಂದು ವಿಷಯ, ಅಮೀರ್ ಖಾನರ ದ್ರುತ ‘ಗುರು ಬಿನ ಗ್ಯಾನ’ ಕೇಳುವಾಗ ನನಗೆ ಪೂರಿಯಾ ರಾಗದ ನೆರಳು ಕಾಣುತ್ತದೆ.

ಕುಮಟಾ ಮಾಸ್ತರ್:
ಪೂರಿಯಾ? ಎಲ್ಲಿ ಸ್ವಾಮಿ? ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರ ಅವೇ, ಪಂಚಮ ಮೂರರಲ್ಲೂ ಇಲ್ಲ. ಪೂರಿಯಾದಲ್ಲಿ ಗಾಂಧಾರ, ನಿಷಾದಕ್ಕೆ ಜೋರು. ಮಾರ್ವಾದಲ್ಲಿ ರಿಷಭ, ಧೈವತ. ಆ ದ್ರುತದಲ್ಲಿ ಧೈವತ ಎಷ್ಟು ಸಲ ಬರುತ್ತದೆ ಕೇಳಿಸಿಕೊಂಡಿದ್ದೀರಾ? ಇಷ್ಟ ಇಲ್ಲ ಅನ್ನಿ, ಒಪ್ಪುತ್ತೇನೆ. ರಾಗ ತಪ್ಪಿದೆ ಅನ್ನಬೇಡಿ.

ಅಂಕೋಲಾ ಸಾರಂಗಿ:
ತಪ್ಪಿದೆ ಅಂದಿಲ್ಲ, ನೆರಳು ಅಂದೆ. ಕೆಲವು ತಾನ್‌ಗಳಲ್ಲಿ ಗಾಂಧಾರದ ಮೇಲೆ ಭಾರ ಬೀಳುತ್ತದೆ. ಸಾರಂಗಿ ನುಡಿಸುವವನ ಕಿವಿಗೆ ಅದು ತಾಕುತ್ತದೆ. ಹತ್ತು ಸಾವಿರ ಸುರಿದದ್ದಕ್ಕೆ ನೀವು ಅದನ್ನು ದೇವರ ಕೋಣೆಯಲ್ಲಿಟ್ಟಿದ್ದೀರಿ.

ಕುಮಟಾ ಮಾಸ್ತರ್:
ಹಣದ ಮಾತು ಬೇಡ. ದುಡ್ಡು ಕೊಡುವ ಮೊದಲೇ, ಇನ್ನೊಬ್ಬರ ಮನೆಯ ಮುಂಬಾಗಿಲಲ್ಲಿ ಕೂತು ಕೇಳಿದಾಗಲೇ, ಅದು ನನ್ನನ್ನು ಹಿಡಿದದ್ದು.

ಸಿದ್ದಾಪುರ ತೋಟದ ಮನೆ:
ಹೊನ್ನಾವರದವರೇ, ಮೂಲ ಕ್ಯಾಸೆಟ್ ಇದೆ. ಕೆಲವದರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಫೆಲ್ಟ್ ತುಂಡು ಬಿದ್ದುಹೋಗಿದೆ. ಆಗುತ್ತದಾ?

ಹೊನ್ನಾವರ ರೇಡಿಯೋ ರಿಪೇರಿ:
ಆಗುತ್ತದೆ. ಟೇಪನ್ನು ಬೇರೆ ಗೂಡಿಗೆ ಹಾಕಬೇಕು. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಕೆಲವು ತನ್ನಿ. ಅಂಟಿಸಿದ ಗೂಡು ಒಡೆಯುವಾಗ ಟೇಪ್ ಹರಿಯುವ ಭಯ. ಬಸ್ಸಿನಲ್ಲಿ ಕಳಿಸಬೇಡಿ, ನೀವೇ ಬನ್ನಿ.

ಶಿರಸಿಯ ಹೊಸ ಕೇಳುಗ:
ಎಲ್ಲರಿಗೂ ಧನ್ಯವಾದ. ಹಾಗಾದರೆ 3,500 ಕೊಡಬಹುದಾ?

ಹೊನ್ನಾವರ ರೇಡಿಯೋ ರಿಪೇರಿ:
ಮಾರುವವರ ಮನೆಯಲ್ಲೇ ಮಾರ್ವಾದ ಬದಿ ಪೂರ್ತಿ ಹಾಕಿಸಿ ಕೇಳು ತಮಾ. ಮೊದಲ ಐದು ನಿಮಿಷಕ್ಕೆ ಒಪ್ಪಬೇಡ. ಒಳಗಿನ ಗೆರೆಗಳಲ್ಲೇ ಸವೆತ ಜಾಸ್ತಿ ಕೇಳುವುದು, ದ್ರುತ ಇರುವುದೂ ಅಲ್ಲೇ. ಅಲ್ಲಿ ದನಿ ಒಡೆದರೆ 1,500ಕ್ಕಿಂತ ಮೇಲೆ ಕೊಡಬೇಡ.

ಕಾರವಾರದ ಅಕ್ಕೋರು:
ಭೂಪ್ ಸಿಡಿ ಬೇಕಾದರೆ ನನ್ನದನ್ನು ಕೇಳಲು ಕೊಡುತ್ತೇನೆ, ವಾಪಸ್ ಕೊಡಬೇಕು.

ಕುಮಟಾ ಮಾಸ್ತರ್:
ಬಲ್ಬಿನ ವಿಷಯಕ್ಕೆ ಇನ್ನು ನಾನು ಉತ್ತರ ಕೊಡಲ್ಲ. ಕಪಾಟಿನ ಫೋಟೋ ಹಾಕುತ್ತೇನೆ, ನೋಡಿ. ಒಂದು ರೆಕಾರ್ಡೂ ಬಾಗಿಲ್ಲ.