ಊರಿಗೆಲ್ಲ ಕೀಲುನೋವಿನ ಜ್ವರ ಬಂದಿರುವಾಗ ಹತ್ತೇ ಜನರ ರಕ್ತ ಸಾಕೇ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯ, ಬಯಲುಸೀಮೆ):
ಕಳೆದ ತಿಂಗಳಿಂದ ನಮ್ಮ ಹಳ್ಳಿಯಲ್ಲಿ ಒಂದರ ಹಿಂದೊಂದು ಮನೆಯಲ್ಲಿ ಜ್ವರ ಕಾಣಿಸಿಕೊಳ್ಳುತ್ತಿದೆ. ಮಣಿಕಟ್ಟು, ಮೊಣಕಾಲು, ಹಿಮ್ಮಡಿಗಳ ನೋವು ಎಷ್ಟಿದೆಯೆಂದರೆ ಕೆಲವರು ಗೋಡೆ ಹಿಡಿದು ನಡೆಯುತ್ತಿದ್ದಾರೆ. ಆರೋಗ್ಯ ಇಲಾಖೆಯವರು ಬಂದಿದ್ದರು. ಆದರೆ ಹತ್ತು ಜನರ ರಕ್ತವನ್ನಷ್ಟೇ ತೆಗೆದುಕೊಂಡು, ಉಳಿದ ಹೊತ್ತನ್ನೆಲ್ಲ ಯಾರಿಗೆ ಯಾವ ದಿನ ಜ್ವರ ಬಂತೆಂದು ಬರೆದುಕೊಳ್ಳುವುದರಲ್ಲಿ ಮತ್ತು ಬ್ಯಾರೆಲ್ಲುಗಳೊಳಗೆ ಟಾರ್ಚ್ ಬಿಟ್ಟು ನೋಡುವುದರಲ್ಲಿ ಕಳೆದರು. ಎಲ್ಲರ ರಕ್ತವನ್ನೂ ಪರೀಕ್ಷಿಸಬೇಕು, ಫಾಗಿಂಗ್ ಮಾಡಿಸಬೇಕು ಎಂದು ಜನ ಪಟ್ಟು ಹಿಡಿದಿದ್ದಾರೆ. ಟ್ಯಾಂಕಿನ ನೀರು ಕೆಟ್ಟಿರುವುದೇ ಕಾರಣ ಎನ್ನುವವರೂ ಇದ್ದಾರೆ. ಇಂತಹ ತನಿಖೆ ನಿಜವಾಗಿ ಹೇಗೆ ನಡೆಯಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕ):
ಸದಸ್ಯರೇ, ಆ ತಂಡ ಮಾಡಿದ್ದು ಸರಿಯಾದ ಕೆಲಸ. ಅದನ್ನು ಊರಿನವರಿಗೆ ವಿವರಿಸದೆ ಹೋದದ್ದು ಮಾತ್ರ ಸರಿಯಲ್ಲ. ತನಿಖೆಯ ಬೆನ್ನೆಲುಬು ರಕ್ತದ ಬಾಟಲಿಯಲ್ಲ, ಜ್ವರ ಶುರುವಾದ ದಿನಾಂಕಗಳ ಪಟ್ಟಿ. ಹೆಸರು, ವಯಸ್ಸು, ಮನೆ, ಜ್ವರ ಹತ್ತಿದ ದಿನ, ಅದಕ್ಕೂ ಹಿಂದಿನ ಎರಡು ವಾರಗಳಲ್ಲಿ ಎಲ್ಲಿಗೆ ಹೋಗಿ ಬಂದರು ಎಂಬುದು ಆ ಪಟ್ಟಿಯಲ್ಲಿ ಇರಬೇಕು. ದಿನಾಂಕವನ್ನು ನೇರವಾಗಿ ಕೇಳಿದರೆ ಹಳ್ಳಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಸಂತೆಯ ದಿನಕ್ಕೆ ಮೊದಲೋ ಆಮೇಲೋ, ಅಮಾವಾಸ್ಯೆಗೆ ಎಷ್ಟು ದಿನವಿತ್ತು ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಕುಡಿಯುವ ನೀರು ಒಮ್ಮೆಗೇ ಕೆಟ್ಟಿದ್ದರೆ ಅದನ್ನು ಬಳಸಿದವರೆಲ್ಲ ಕೆಲವೇ ದಿನಗಳ ಅಂತರದಲ್ಲಿ ಮಲಗುತ್ತಾರೆ, ಮತ್ತು ಸಾಮಾನ್ಯವಾಗಿ ವಾಂತಿಭೇದಿಯೇ ಮುಂದಾಗಿರುತ್ತದೆ. ಸೊಳ್ಳೆಯಿಂದ ಹರಡುವ ಜ್ವರವಾದರೆ ಒಂದು ಓಣಿಯಲ್ಲಿ ಎರಡು ಮೂರು ಜನರಿಂದ ಆರಂಭವಾಗಿ, ಕೆಲವು ದಿನಗಳ ಬಿಡುವಿನ ನಂತರ ಅಕ್ಕಪಕ್ಕದ ಮನೆಗಳಿಗೆ ಹಬ್ಬಿ, ವಾರಗಟ್ಟಲೆ ಮುಂದುವರಿಯುತ್ತದೆ. ರೋಗಿಯನ್ನು ಕಚ್ಚಿದ ಸೊಳ್ಳೆಯ ದೇಹದಲ್ಲಿ ವೈರಸ್ ಬೆಳೆಯಲು ಕೆಲವು ದಿನ, ಅದು ಕಚ್ಚಿದ ಇನ್ನೊಬ್ಬರಿಗೆ ಜ್ವರ ಬರಲು ಮತ್ತೆ ಕೆಲವು ದಿನ ಬೇಕಾಗುವುದೇ ಆ ಬಿಡುವಿಗೆ ಕಾರಣ. ನೀವು ಹೇಳಿದ ರೀತಿ ಇದೇ.

ಇನ್ನು ಬ್ಯಾರೆಲ್ಲಿನ ವಿಚಾರ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದು ಅಪರೂಪ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಜನ ತುಂಬಿಟ್ಟುಕೊಂಡ ತಿಳಿನೀರೇ ಅದರ ತವರು. ಹೀಗಾಗಿ ಮಳೆಯೇ ಬಾರದ ಊರುಗಳಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಸಿಮೆಂಟಿನ ತೊಟ್ಟಿ, ದನಕ್ಕೆ ನೀರು ಕುಡಿಸುವ ಬಾನಿ, ಹಿತ್ತಲಲ್ಲಿ ಬಿದ್ದ ಒರಳುಕಲ್ಲಿನ ಗುಳಿ ಎಲ್ಲವನ್ನೂ ನೋಡಬೇಕು. ಟಾರ್ಚಿನ ಬೆಳಕು ಬಿದ್ದೊಡನೆ ಮರಿಹುಳುಗಳು ಕೊಂಕುತ್ತಾ ತಳಕ್ಕೆ ಇಳಿದುಬಿಡುವುದರಿಂದ ಒಂದೆರಡು ನಿಮಿಷ ಅಲುಗಾಡದೆ ಕಾಯಬೇಕು. ಉಸಿರಾಡಲು ಅವು ಮೇಲೆ ಬಂದೇ ಬರುತ್ತವೆ. ನೂರು ಮನೆಗಳಿಗೆ ಎಷ್ಟು ಪಾತ್ರೆಗಳಲ್ಲಿ ಮರಿಹುಳು ಸಿಕ್ಕಿತು ಎಂಬ ಲೆಕ್ಕಕ್ಕೆ ಬ್ರೆಟೋ ಸೂಚ್ಯಂಕ ಎನ್ನುತ್ತಾರೆ. ರೋಗಿಗಳ ಮನೆಗಳ ನಕ್ಷೆಯ ಪಕ್ಕದಲ್ಲಿ ಇದನ್ನು ಇಟ್ಟರೆ ಯಾವ ಓಣಿಯಿಂದ ಕೆಲಸ ಆರಂಭಿಸಬೇಕೆಂದು ತಿಳಿಯುತ್ತದೆ.

ಉತ್ತರ 2 (ಪ್ರಯೋಗಾಲಯ ತಂತ್ರಜ್ಞೆ):
ರಕ್ತದ ಬಗ್ಗೆ ಮಾತ್ರ ಹೇಳುತ್ತೇನೆ. ಯಾರ ರಕ್ತವನ್ನು, ಜ್ವರದ ಎಷ್ಟನೇ ದಿನ ತೆಗೆದರು ಎಂಬುದು ಎಷ್ಟು ಜನರದ್ದು ಎಂಬುದಕ್ಕಿಂತ ಮುಖ್ಯ. ರಕ್ತದಲ್ಲಿ ವೈರಸ್ಸಿನ ಪ್ರೋಟೀನನ್ನೇ ಹುಡುಕುವ ಡೆಂಗಿಯ ಎನ್‌ಎಸ್‌1 ಪರೀಕ್ಷೆಗೆ ಮೊದಲ ಐದು ದಿನಗಳ ಮಾದರಿ ಬೇಕು. ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಎಂಬ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಹುಡುಕುವ ಎಲೈಸಾ ಪರೀಕ್ಷೆಗೆ ಐದು ದಿನ ಕಳೆದ ಮೇಲಿನದ್ದು ಬೇಕು. ತಡವಾಗಿ ತೆಗೆದ ರಕ್ತಕ್ಕೆ ಎನ್‌ಎಸ್‌1 ಮಾಡಿ, ಫಲಿತಾಂಶ ನೆಗೆಟಿವ್ ಬಂದಾಗ ಡೆಂಗಿ ಇಲ್ಲವೆಂದು ಹೇಳಿ ಕಳಿಸುವುದನ್ನು ನಾನು ಕಂಡಿದ್ದೇನೆ. ಅಂಗಡಿಯಲ್ಲಿ ಸಿಗುವ ಕಾರ್ಡ್ ಪರೀಕ್ಷೆಯ ಪಾಸಿಟಿವ್ ಫಲಿತಾಂಶವನ್ನು ಸರ್ಕಾರಿ ಲೆಕ್ಕದಲ್ಲಿ ದೃಢಪಟ್ಟ ಪ್ರಕರಣವೆಂದು ಪರಿಗಣಿಸುವುದಿಲ್ಲ, ಎಲೈಸಾ ಆಗಬೇಕು. ಚಿಕೂನ್‌ಗುನ್ಯಾದ ಐಜಿಎಂ ತಿಂಗಳುಗಟ್ಟಲೆ ಉಳಿಯುವುದರಿಂದ, ಜ್ವರದ ದಿನಾಂಕ ಬರೆಯದ ಚೀಟಿಯೊಂದಿಗೆ ಬಂದ ಮಾದರಿಯಿಂದ ಹೆಚ್ಚೇನೂ ಹೇಳಲಾಗದು. ಆರಿಸಿ ತೆಗೆದ ಹತ್ತು ಒಳ್ಳೆಯ ಮಾದರಿಗಳಲ್ಲಿ ಹಲವು ಪಾಸಿಟಿವ್ ಬಂದರೆ ರೋಗ ಯಾವುದೆಂದು ತಿಳಿದಂತೆ. ಉಳಿದವರನ್ನು ಲಕ್ಷಣ ನೋಡಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 2006ರಲ್ಲಿ ಕರ್ನಾಟಕದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾದವು. ಅಷ್ಟೂ ಜನರ ರಕ್ತವನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಿಲ್ಲ, ಪರೀಕ್ಷಿಸುವ ಅಗತ್ಯವೂ ಇರಲಿಲ್ಲ.

ಉತ್ತರ 3 (ಅಡಿಕೆ ಬೆಳೆಗಾರ, ದಕ್ಷಿಣ ಕನ್ನಡ):
ಮೇಲಿನ ಮಾತುಗಳನ್ನು ಎಲ್ಲ ಊರಿಗೂ ಹಾಗೆಯೇ ಅನ್ವಯಿಸಬೇಡಿ. ನಮ್ಮ ಕಡೆ ಮನೆಯೊಳಗಿನ ಪಾತ್ರೆಗಳಷ್ಟೇ ತೋಟವನ್ನೂ ನೋಡಬೇಕು. ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಗಳಲ್ಲಿ ನಿಂತ ಮಳೆನೀರಿನಲ್ಲಿ ಈಡಿಸ್ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಜಾತಿಯ ಸೊಳ್ಳೆ ಹುಟ್ಟುತ್ತದೆ. ಚಿಕೂನ್‌ಗುನ್ಯಾ ವೈರಸ್ಸಿನ ಹೊರಕವಚದಲ್ಲಿ ಆದ ಒಂದೇ ಒಂದು ಬದಲಾವಣೆ ಅದಕ್ಕೆ ಈ ಸೊಳ್ಳೆಯಲ್ಲಿ ಸುಲಭವಾಗಿ ಬೆಳೆಯುವ ಶಕ್ತಿ ಕೊಟ್ಟಿತು. 2007ರಲ್ಲಿ ಕೇರಳದಲ್ಲಿ ಅದು ಪತ್ತೆಯಾಯಿತು. ತೋಟದ ಊರಿಗೆ ಬಂದು ಬಚ್ಚಲಮನೆಯ ಹಂಡೆಯನ್ನಷ್ಟೇ ನೋಡಿ ಹೋಗುವ ತಂಡವನ್ನು ಒಂದು ಸುತ್ತು ತೋಟಕ್ಕೂ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಫಾಗಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಾಳೆಯ ಸಭೆಯಲ್ಲಿ ಮೊದಲು ಬರುವ ಪ್ರಶ್ನೆಯೇ ಅದು.

ಉತ್ತರ 4 (ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ):
ಫಾಗಿಂಗ್ ನಿಷ್ಪ್ರಯೋಜಕವೆಂದು ಹೇಳುವುದಿಲ್ಲ, ಆದರೆ ಅದು ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ತೊಟ್ಟಿಯಲ್ಲಿರುವ ಮರಿಗಳು ವಾರದೊಳಗೆ ರೆಕ್ಕೆ ಬಿಚ್ಚಿ ಹೊರಬರುತ್ತವೆ. ಈಡಿಸ್ ಹಗಲು ಕಚ್ಚುತ್ತದೆ, ಮನೆಯೊಳಗೆ ನೇತುಹಾಕಿದ ಬಟ್ಟೆಗಳ ಮರೆಯಲ್ಲಿ, ಮಂಚದ ಕೆಳಗೆ ಕೂರುತ್ತದೆ. ಬಾಗಿಲು ಮುಚ್ಚಿದ ಮನೆಗಳ ಮುಂದೆ ಬೀದಿಯಲ್ಲಿ ಹೊಗೆ ಬಿಟ್ಟರೆ ಪ್ರಯೋಜನ ಕಡಿಮೆ. ಸಭೆಯಲ್ಲಿ ಫಾಗಿಂಗ್‌ಗೆ ಒಪ್ಪಿಗೆ ಕೊಡುವುದಾದರೆ ಅದನ್ನು ರೋಗಿಗಳ ಮನೆಗಳ ಸುತ್ತ, ಮನೆಯೊಳಗೂ ಸೇರಿಸಿ ಮಾಡಿಸಿ. ಅದೇ ದಿನ ಆಶಾ ಕಾರ್ಯಕರ್ತೆಯರೊಂದಿಗೆ ಹೋಗಿ ತೊಟ್ಟಿಗಳನ್ನು ಖಾಲಿ ಮಾಡಿಸಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿಸಿ. ನೀರಿನ ಅಂಚಿನಲ್ಲಿ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಗಪ್ಪಿ ಅಥವಾ ಗಾಂಬೂಸಿಯಾ ಮೀನು ಬಿಡಬಹುದು.

ಇನ್ನೊಂದು ಮಾತು, ಇದನ್ನು ಸಭೆಯಲ್ಲಿ ತಪ್ಪದೆ ಹೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಡೈಕ್ಲೊಫೆನಾಕ್ ಮುಂತಾದ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿಯುತ್ತಿರುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ ಅಥವಾ ವಸಡಿನಲ್ಲಿ ರಕ್ತ ಕಂಡರೆ ಅಂಥವರನ್ನು ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ.