ಅಗಿಯುವ ಸದ್ದು ಕೇಳಿದರೆ ಸಿಟ್ಟು: ದೋಷ ಕಿವಿಯದೋ, ಮಿದುಳಿನದೋ?

ಪ್ರಶ್ನೆ: ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆಯ ವರದಿ) ನಾರ್ಮಲ್. ಟ್ರಾಫಿಕ್, ಮಿಕ್ಸಿ ಸದ್ದಿಗೆ ಏನೂ ಆಗುವುದಿಲ್ಲ. ಆದರೆ ಪಕ್ಕದವರು ಅಗಿದರೆ, ಮೂಗು ಸೊರಗುಟ್ಟಿಸಿದರೆ, ಪೆನ್ನು ಟಿಕ್‌ಟಿಕ್ ಅನ್ನಿಸಿದರೆ ಮೈ ಉರಿಯುತ್ತದೆ. ಇದಕ್ಕೆ ನರಸಂಬಂಧಿ ಕಾರಣವಿದೆಯೇ? ಇಯರ್‌ಪ್ಲಗ್ ಸದಾ ಹಾಕಿಕೊಂಡಿರಬಹುದೇ?

ಉತ್ತರ 1: ನೀವು ಹೇಳಿದ್ದು ಮಿಸೋಫೋನಿಯಾಕ್ಕೆ ಹೊಂದುತ್ತದೆ. 2001ರಲ್ಲಿ ಶ್ರವಣ ಸಂಶೋಧಕರಾದ ಜಾಸ್ಟ್ರೆಬಾಫ್ ದಂಪತಿ ಕೊಟ್ಟ ಹೆಸರು ಅದು. ಹೈಪರ್‌ಅಕ್ಯೂಸಿಸ್ ಬೇರೆ: ಅಲ್ಲಿ ಯಾವ ಸದ್ದೇ ಆಗಲಿ, ಜೋರಾದರೆ ಸಾಕು, ಕಿವಿಗೆ ಹಿಂಸೆ. ಇಲ್ಲಿ ಸದ್ದು ಎಷ್ಟು ಮೆಲ್ಲಗಿದ್ದರೂ ಸರಿ, ಅದು ಏನು, ಯಾರಿಂದ ಬಂತು ಎನ್ನುವುದೇ ಕೆರಳಿಸುತ್ತದೆ. ಆಡಿಯೋಗ್ರಾಂ ಇವೆರಡನ್ನೂ ಬೇರ್ಪಡಿಸದು. ಯಾವ ಮಟ್ಟದ ಸದ್ದು ಅಸಹನೀಯ ಎಂದು ಅಳೆಯುವ ಎಲ್‌ಡಿಎಲ್ ಪರೀಕ್ಷೆಯನ್ನು ಆಡಿಯಾಲಜಿಸ್ಟ್ ಬಳಿ ಕೇಳಿ ಮಾಡಿಸಿ.

ಉತ್ತರ 2: ಕಾರಣದ ಬಗ್ಗೆ: ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸುಖ್‌ಬಿಂದರ್ ಕುಮಾರ್ ಮತ್ತವರ ತಂಡ 2017ರಲ್ಲಿ ಮಿಸೋಫೋನಿಯಾ ಇರುವವರಿಗೆ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಮಾಡಿ ನೋಡಿತು. ಕೆರಳಿಸುವ ಸದ್ದು ಕೇಳಿದಾಗ ಮಿದುಳಿನ ಒಳಮಡಿಕೆಯಾದ ಇನ್ಸುಲಾದ ಮುಂಭಾಗ ವಿಪರೀತ ಚುರುಕಾಗುತ್ತಿತ್ತು. ಯಾವುದಕ್ಕೆ ಗಮನ ಕೊಡಬೇಕು ಎಂದು ಆರಿಸುವುದರಲ್ಲಿ ಈ ಭಾಗದ ಪಾತ್ರ ದೊಡ್ಡದು. ಜೊತೆಗೇ ಹೃದಯ ಬಡಿತವೂ ಚರ್ಮದ ವಿದ್ಯುತ್ ವಾಹಕತೆಯೂ ಏರುತ್ತಿದ್ದವು. ಹಾಗಾಗಿ "ನಾಟಕ" ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ನನಗೆ ಇನ್ನೂ ಮುಖ್ಯವೆನಿಸುವುದು ಅದೇ ತಂಡದ 2021ರ ಕೆಲಸ. ಶ್ರವಣ ಭಾಗಕ್ಕೂ, ಬಾಯಿ-ಮುಖದ ಚಲನೆ ನಡೆಸುವ ಭಾಗಕ್ಕೂ ನಡುವಿನ ಕೊಂಡಿ ಮಿಸೋಫೋನಿಯಾ ಇರುವವರಲ್ಲಿ ಬಲವಾಗಿತ್ತು. ಅಂದರೆ ಎದುರಿನವರು ಅಗಿಯುವುದನ್ನು ಕೇಳುಗರ ಮಿದುಳು ಒಳಗೊಳಗೇ ನಕಲು ಮಾಡುತ್ತಿರಬಹುದು. ಇದು ಕಾರಣವೋ ಪರಿಣಾಮವೋ ತೀರ್ಮಾನವಾಗಿಲ್ಲ. ಪೆನ್ನಿನ ಟಿಕ್‌ಟಿಕ್‌ಗಂತೂ ಬಾಯಿಯ ವಿವರಣೆ ಸಾಲದು.

ಪ್ರಶ್ನೆ ಕೇಳಿದವರು: ಹಾಗಾದರೆ ತಾವೇ ಅಗಿಯುವಾಗ ಏಕೆ ಕೆರಳುವುದಿಲ್ಲ?

ಉತ್ತರ 2: ತನ್ನದೇ ಚಲನೆಯಿಂದ ಹುಟ್ಟುವ ಸದ್ದನ್ನು ಮಿದುಳು ಮೊದಲೇ ಊಹಿಸಿ ತಗ್ಗಿಸುತ್ತದೆ. ಎದುರಿನವರ ಜೊತೆಜೊತೆಗೇ ತಾವೂ ಅಗಿದರೆ ಕೆಲವರಿಗೆ ಹಾಯೆನಿಸುವುದೂ ಬಹುಶಃ ಇದಕ್ಕೇ.

ಉತ್ತರ 3: ಇಯರ್‌ಪ್ಲಗ್ ದಿನವಿಡೀ ಬೇಡ. ಒಳಬರುವ ಸದ್ದು ಕಡಿಮೆಯಾದಂತೆ ಶ್ರವಣ ವ್ಯವಸ್ಥೆ ತನ್ನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿಕೊಳ್ಳುತ್ತದೆ. ತೆಗೆದಾಗ ಎಲ್ಲವೂ ಇನ್ನಷ್ಟು ಜೋರು. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಫ್ಯಾನ್ ಅಥವಾ ಮಳೆಯ ಸದ್ದು ಸಣ್ಣಗೆ ಇಡಿ. ಅಗಿಯುವ ಸದ್ದು ಪೂರ್ತಿ ಮುಚ್ಚಬೇಕಿಲ್ಲ, ಎದ್ದು ಕೇಳದಿದ್ದರೆ ಸಾಕು. ಸಿಟ್ಟು ಏರುವಷ್ಟು ಹೊತ್ತು ಹಲ್ಲು ಕಚ್ಚಿ ಕೂತು "ಅಭ್ಯಾಸ" ಮಾಡಿಕೊಳ್ಳಲು ಹೋಗಬೇಡಿ, ದ್ವೇಷವೇ ಗಟ್ಟಿಯಾದೀತು. ಚಿಕಿತ್ಸೆಗಳಲ್ಲಿ ಸದ್ಯಕ್ಕೆ ಹೆಚ್ಚು ಆಧಾರ ಇರುವುದು ಸಿಬಿಟಿಗೆ, ಅಂದರೆ ಯೋಚನೆ-ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಗೆ. ತನ್ನ ಕಣ್ಣುಗುಡ್ಡೆ ಹೊರಳುವುದೂ ಕೇಳಿಸುತ್ತಿದ್ದರೆ, ಜೋರು ಸದ್ದಿಗೆ ತಲೆ ಸುತ್ತಿದರೆ ವಿಷಯ ಬೇರೆ: ಅದು ಒಳಗಿವಿಯ ಮೂಳೆಯಲ್ಲಿನ ತೂತಿರಬಹುದು, ಇಎನ್‌ಟಿ ವೈದ್ಯರಿಗೆ ತೋರಿಸಿ.