ಚಾಕು ತೋರಿಸಿದರೆ 397 ಬೀಳುತ್ತಾ? ಸುಲಿಗೆ ಕೇಸಿನ ಮೇಲ್ಮನವಿ

ಕರಿಕೋಟು: ಒಂದು ಪ್ರಕರಣ ಇಟ್ಟುಕೊಂಡೇ ಮಾತಾಡೋಣ. 2022ರ ಸುಲಿಗೆ, ಬಳ್ಳಾರಿ ಸೆಷನ್ಸ್ ಕೋರ್ಟು. ಎ1 (ಮೊದಲ ಆರೋಪಿ) ಚಾಕು ತೋರಿಸಿ ಸರ ಕಿತ್ತ, ಎ2 ಬೈಕ್ ಚಾಲೂ ಇಟ್ಟು ಕಾದ. ಇಬ್ಬರಿಗೂ ಐಪಿಸಿ (ಆಗಿನ ದಂಡ ಸಂಹಿತೆ) ಕಲಂ 392 (ಸುಲಿಗೆ), ಕಲಂ 397 (ಸುಲಿಗೆಯಲ್ಲಿ ಮಾರಕಾಸ್ತ್ರ ಬಳಕೆ) ಅಡಿ 7 ವರ್ಷ. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ, 60 ದಿನದೊಳಗೆ. ತೀರ್ಪಿನ ದೃಢೀಕೃತ ಪ್ರತಿಗೆ ಹಿಡಿದ ದಿನಗಳನ್ನು ಕಳೆಯಬಹುದು. ಮೇಲ್ಮನವಿ ದಾಖಲಾದ ಮಾತ್ರಕ್ಕೆ ಯಾರೂ ಹೊರಗೆ ಬರಲ್ಲ. ಶಿಕ್ಷೆ ಅಮಾನತಿಗೆ ಬಿಎನ್‌ಎಸ್‌ಎಸ್ (ಈಗಿನ ಅಪರಾಧ ಪ್ರಕ್ರಿಯೆ ಕಾಯ್ದೆ) ಕಲಂ 430ರಡಿ ಬೇರೆ ಅರ್ಜಿ ಬೇಕು, ಅದರಲ್ಲೇ ದಂಡಕ್ಕೂ ತಡೆ ಕೇಳಬೇಕು. ಬರೀ 'ಶಿಕ್ಷೆ ಇಳಿಸಿ' ಅಂತ ಬರೆದರೆ ಉಪಯೋಗವಿಲ್ಲ. 397 ನಿಂತರೆ 7 ವರ್ಷವೇ ಕನಿಷ್ಠ.

ವಾದಿ_ಪ್ರತಿವಾದಿ: '397 ನಿಂತರೆ' ಅಂತೀರಲ್ಲ, ನಿಲ್ಲೋದು ಹೇಗೆ? ಕಾಯ್ದೆ ಹೇಳೋದು ಮಾರಕಾಸ್ತ್ರ 'ಬಳಸಿದರೆ' ಅಂತ. ಯಾರಿಗೂ ಗೀರೂ ಆಗಿಲ್ಲ, ಗಾಯದ ಸರ್ಟಿಫಿಕೇಟೂ ಇಲ್ಲ. ತೋರಿಸೋದು ಬಳಕೆಯಲ್ಲ.

ಹಳೇಫೈಲು: 1975ರಲ್ಲೇ ಮುಗಿದ ವಾದ. ಫೂಲ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಎದುರಿದ್ದವನ ಕಣ್ಣಿಗೆ ಬಿದ್ದು ಭಯ ಹುಟ್ಟಿಸಿದರೆ ಅದೇ ಬಳಕೆ. 398ರಲ್ಲಿ ಬರೀ ಪ್ರಯತ್ನಕ್ಕೆ ಆಯುಧ ಹೊಂದಿದ್ದರೇ ಸಾಕು, 7 ವರ್ಷ. ಪ್ರಯತ್ನಕ್ಕೆ ಸಡಿಲ, ಪೂರ್ತಿ ಸುಲಿಗೆಗೆ ಬಿಗಿ ಅಂತ ಅರ್ಥ ಮಾಡೋಕಾಗುತ್ತಾ?

ವಾದಿ_ಪ್ರತಿವಾದಿ: 'ಕಣ್ಣಿಗೆ ಬಿದ್ದು' ಸರಿ. ಏನು ಬಿತ್ತು? ಹಣ್ಣು ಕೊಯ್ಯುವ ಚಾಕೂ ಚಾಕುವೇ. ಅಲಗಿನ ಉದ್ದ ಪಂಚನಾಮೆಯಲ್ಲಿ (ವಶದ ದಾಖಲೆ) ಇರಬೇಕು, ವಸ್ತು ಕೋರ್ಟಿನಲ್ಲಿ ಗುರುತಾಗಬೇಕು. ಚಾಕು ಸಿಗದ ಕೇಸುಗಳಲ್ಲಿ ದೆಹಲಿ ಹೈಕೋರ್ಟ್ 397 ಕೈಬಿಟ್ಟು 392 ಉಳಿಸಿದ ತೀರ್ಪುಗಳಿವೆ.

ಹಳೇಫೈಲು: 'ಸಿಗದ ಕೇಸು' ಅಂತ ಸೇರಿಸಿದ್ದು ನೀವು, ಮೇಲೆ ಹೇಳಿದ ಪ್ರಕರಣದಲ್ಲಿ ಅದಿಲ್ಲ. ದೆಹಲಿ ತೀರ್ಪು ಧಾರವಾಡ ಪೀಠವನ್ನು ಕಟ್ಟಿಹಾಕಲ್ಲ, ಸುಪ್ರೀಂ ಕೋರ್ಟಿನದು ಕಟ್ಟಿಹಾಕುತ್ತೆ. ಇಷ್ಟೂ ಗೊತ್ತಿಲ್ಲದೆ ವಾದಕ್ಕೆ ಇಳಿಯಬಾರದು.

ವಾದಿ_ಪ್ರತಿವಾದಿ: ಗೊತ್ತಿಲ್ಲದವರು ಯಾರು? ಭಯ ಹುಟ್ಟಿಸಿದರೆ ಸಾಕು ಅಂದರೂ ಅದು ಮಾರಕಾಸ್ತ್ರ ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡಲೇಬೇಕು. ನೀವು ಆ ಪದವನ್ನೇ ನುಂಗಿಬಿಟ್ಟಿರಿ.

ಮೇಲ್ಮನವಿ_ಮಂಜು: ಇಬ್ಬರೂ ಎ1ನ ಚಾಕುವಿಗೇ ಅಂಟಿಕೊಂಡಿದ್ದೀರಿ. ಗೆಲ್ಲೋ ಕೇಸು ಎ2ನದು! ಫೂಲ್ ಕುಮಾರ್ ತೀರ್ಪೇ ಹೇಳುತ್ತೆ, 397 ಆಯುಧ ಬಳಸಿದವನಿಗೆ ಮಾತ್ರ. ಗಣೇಶನ್ ಪ್ರಕರಣದಲ್ಲಿ 2021ರಲ್ಲಿ ಅದನ್ನೇ ಮತ್ತೆ ಹೇಳಿದರು. ಕಲಂ 34 (ಸಮಾನ ಉದ್ದೇಶ) ಹಿಡಿದು ಬೈಕಿನವನಿಗೆ 397 ಎಳೆಯೋಕಾಗಲ್ಲ. ಮೇಲ್ಮನವಿಯ ಮೊದಲ ಆಧಾರವೇ ಇದಾಗಬೇಕು. ಆಗ ಎ2ಗೆ ಉಳಿಯೋದು 392, 392ರಲ್ಲಿ ಕನಿಷ್ಠ ಶಿಕ್ಷೆ ಇಲ್ಲ. ವಿಚಾರಣೆ ವೇಳೆ ಜೈಲಿನಲ್ಲಿದ್ದ ದಿನಗಳನ್ನೂ ಶಿಕ್ಷೆಯಿಂದ ಕಳೆಯುತ್ತಾರೆ.

ಕರಿಕೋಟು: '392ರಲ್ಲಿ ಕನಿಷ್ಠ ಇಲ್ಲ' ಸರಿ, ಗರಿಷ್ಠ 10 ಇದೆ. ಸೂರ್ಯಾಸ್ತದ ನಂತರ ಹೆದ್ದಾರಿಯಲ್ಲಾದರೆ 14. ಎ2 ನಾಳೆಯೇ ಮನೆಗೆ ಅನ್ನೋ ಥರ ಬರೆಯಬೇಡಿ.

ವಾದಿ_ಪ್ರತಿವಾದಿ: 392 ಕೂಡ ಗುರುತು ಪತ್ತೆ ಪೆರೇಡಿನ (ಸಾಲಿನಲ್ಲಿ ನಿಂತವರಲ್ಲಿ ಆರೋಪಿಯನ್ನು ಸಾಕ್ಷಿ ಗುರುತಿಸೋದು) ಮೇಲೆ ನಿಂತಿದೆ. ಅದಕ್ಕೂ ಮುಂಚೆ ಠಾಣೆಯಲ್ಲೇ ಸಾಕ್ಷಿಗೆ ಮುಖ ತೋರಿಸಿದ್ದರೆ ಅದಕ್ಕೇನು ಬೆಲೆ?

ಹಳೇಫೈಲು: ಪೆರೇಡು ಪೂರಕ ಮಾತ್ರ, ಮೂಲ ಸಾಕ್ಷ್ಯ ಕೋರ್ಟಿನಲ್ಲಿ ಗುರುತಿಸೋದು. ಸರ ಇವರಿಂದಲೇ ವಶವಾಗಿದ್ದರೆ ಅದೂ ಎದುರು ನಿಲ್ಲುತ್ತೆ.

ವಾದಿ_ಪ್ರತಿವಾದಿ: ವಶವಾಗಿದ್ದರೆ! ಪಂಚರು (ವಶಕ್ಕೆ ಸಾಕ್ಷಿಯಾಗಿದ್ದವರು) ಕೋರ್ಟಿನಲ್ಲಿ ಉಲ್ಟಾ ಹೊಡೆದರೆ?

ಹಳೇಫೈಲು: ತನಿಖಾಧಿಕಾರಿಯ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದೊಂದರ ಮೇಲೂ ವಶ ಸಾಬೀತಾಗುತ್ತೆ. ಈಗ ಪಂಚರಿಗೆ ಹಾರಿದಿರಿ, ಚಾಕು ಬಿಟ್ಟಿರಾ?

ವಾದಿ_ಪ್ರತಿವಾದಿ: ಬಿಟ್ಟಿಲ್ಲ. ಅಲಗಿನ ಉದ್ದ ಎಷ್ಟು, ಹೇಳಿ.

ಮೇಲ್ಮನವಿ_ಮಂಜು: ವಕೀಲರಿಗೆ ದುಡ್ಡಿಲ್ಲದವರು ಇದನ್ನು ಓದುತ್ತಿದ್ದರೆ: ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ಬಂಧನದಲ್ಲಿರುವವರಿಗೆ ಆದಾಯ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತೆ, ಸಹಾಯವಾಣಿ 15100. ತೀರ್ಪಿನ ಒಂದು ಪ್ರತಿಯನ್ನು ಕೋರ್ಟ್ ಪುಕ್ಕಟೆ ಕೊಡಲೇಬೇಕು. 60 ದಿನ ದಾಟಿದ್ದರೆ ವಿಳಂಬ ಮನ್ನಾ ಅರ್ಜಿ, ಜೊತೆಗೆ ಕಾರಣ ಹೇಳುವ ಅಫಿಡವಿಟ್ಟು.

ಹಳೇಫೈಲು: ಉದ್ದ ನನ್ನನ್ನು ಕೇಳಬೇಡಿ, ಮುದ್ದೆಮಾಲು (ವಶವಾದ ವಸ್ತುಗಳ) ಪಟ್ಟಿ ತೆಗೆಸಿ ನೋಡಿ.